ದೊಡ್ಡಕ್ಕನಿಗೆ ತೊಂದರೆ ಆಗಲಿಲ್ಲ

ಪರದೆಯ ಮೇಲೆ ಎರಡು ಕೈಗಳು ಕೆಲಸ ಮಾಡುತ್ತಿದ್ದವು. ಮೈಯಿಲ್ಲ, ಮುಖವಿಲ್ಲ. ಮೊಣಕೈವರೆಗಿನ ಬೂದು ಬಣ್ಣದ ಎರಡು ಕೈ, ಕಣ್ಣು ಎತ್ತ ನೋಡುತ್ತಿದೆ ಎಂದು ತೋರಿಸುವ ಒಂದು ಕೆಂಪು ಚುಕ್ಕೆ, ಅಷ್ಟೇ. ಬಲಗೈ ಸಿರಿಂಜನ್ನು ಬೆಳಕಿಗೆ ಹಿಡಿದು ನಡುಬೆರಳಿನ ಉಗುರಿನಿಂದ ಟಕ್ ಟಕ್ ಎಂದು ತಟ್ಟಿತು. ಕುರ್ಚಿಯಲ್ಲಿ ಕುಳಿತಿದ್ದ ನೀಲಗಂಗಾ ಹಡಪದ ತನ್ನ ಬಲಗೈಯನ್ನು ಮಡಿಲಿಗೆ ಎಳೆದುಕೊಂಡಳು. ಹಾಗೆ ನಡುಬೆರಳಿನಿಂದ ತಟ್ಟುವವಳು ಇಡೀ ಜಿಲ್ಲಾ ಆಸ್ಪತ್ರೆಯಲ್ಲಿ ಅವಳೊಬ್ಬಳೇ.

"ಗುರ್ತು ಸಿಕ್ತೇನ್ರಿ ಮೇಡಂ?" ಎಂದು ನಕ್ಕ ಪರೀಕ್ಷಾ ಕೇಂದ್ರದ ಎಂಜಿನಿಯರ್ ಮುಬಾರಕ್ ನದಾಫ. "ತಟ್ಟೋದು ನಿಮ್ದು. ಟ್ರೇ ಹಿಡಿಯೋದು ಎಸ್ತೇರ್ ಸಿಸ್ಟರ್‌ದು. ಎಲ್ಲಾರ್ದೂ ಚೂರ್ ಚೂರ್ ಕೂಡಿ ಒಬ್ಬಾಕಿ ಆಗ್ಯಾಳ."

ಆ ಒಬ್ಬಾಕೆಗೆ ಸರಕಾರ ಇಟ್ಟ ಹೆಸರು 'ಬಳಕೆದಾರ ಪ್ರತಿಕೃತಿ'. ನರ್ಸುಗಳು ಕರೆಯುವುದು ದೊಡ್ಡಕ್ಕ ಎಂದು.

ದೊಡ್ಡಕ್ಕ ಹುಟ್ಟುವುದಕ್ಕೆ ಕಾರಣವಿತ್ತು. ಮೊದಲೆಲ್ಲ ಆಸ್ಪತ್ರೆಗೆ ಕಂಪ್ಯೂಟರ್ ವ್ಯವಸ್ಥೆ ಕೊಳ್ಳುವುದೆಂದರೆ ಕಂಪನಿಯವರು ಬರುತ್ತಿದ್ದರು, ಸಭಾಂಗಣದಲ್ಲಿ ಗೋಡಂಬಿ ಹಂಚುತ್ತಿದ್ದರು, ಬಣ್ಣ ಬಣ್ಣದ ಚಿತ್ರ ತೋರಿಸಿ ಹೋಗುತ್ತಿದ್ದರು. ಕೊಳ್ಳುವವರು ಡಾಕ್ಟರು, ಎಂಜಿನಿಯರು, ಲೆಕ್ಕಾಧಿಕಾರಿ. ಬಳಸುವವರು ನರ್ಸುಗಳು. ಕೊಂಡ ಮೇಲೆ ನೋಡಿದರೆ ಒಂದು ಮಾತ್ರೆ ಕೊಟ್ಟೆನೆಂದು ಬರೆಯಲು ಪುಟದ ಮೇಲೆ ಪುಟ ದಾಟಬೇಕು. ಅಷ್ಟರಲ್ಲಿ ರೋಗಿ ಆ ಮಾತ್ರೆಯನ್ನು ವಾಂತಿ ಮಾಡಿಕೊಂಡಿರುತ್ತಿದ್ದ. ಹೀಗೆ ಒಂದರ ಹಿಂದೊಂದು ವ್ಯವಸ್ಥೆ ಧೂಳು ಹಿಡಿದ ಮೇಲೆ ಸರಕಾರಕ್ಕೆ ಬುದ್ಧಿ ಬಂತು. ಕೊಳ್ಳುವ ಮೊದಲೇ ಬಳಸುವವರ ಕೈಯಲ್ಲಿ ಕೊಟ್ಟು ನೋಡಬೇಕು. ಆದರೆ ಯಾವ ನರ್ಸಿಗೆ ಪುರುಸೊತ್ತಿದೆ? ಹಾಗಾಗಿ ನರ್ಸಿನ ಪ್ರತಿಕೃತಿಯನ್ನೇ ಮಾಡಿದರು. ಜಿಲ್ಲಾ ಆಸ್ಪತ್ರೆಯ ಹೆಂಗಸರ ವಾರ್ಡಿನ ನರ್ಸುಗಳಿಗೆ ತೆಳುವಾದ ಕೈಗವಸು, ಒಂದು ಕನ್ನಡಕ ತೊಡಿಸಿ ಕೆಲವು ವಾರ ಅವರ ಕೈ, ಕಣ್ಣು, ದಣಿವು, ಮರೆವು ಎಲ್ಲವನ್ನೂ ದಾಖಲಿಸಿದರು. ಆ ದಾಖಲೆಯಿಂದ ಯಂತ್ರ ಕಲಿತದ್ದು ಇಷ್ಟೇ: ಇಂಥ ಪರದೆ ಎದುರಿಗಿದ್ದರೆ, ಇಂಥ ರೋಗಿ ಮಗ್ಗುಲಲ್ಲಿದ್ದರೆ, ನರ್ಸಿನ ಕಣ್ಣು ಎಲ್ಲಿಗೆ ಹೋಗುತ್ತದೆ, ಬೆರಳು ಎಲ್ಲಿ ಬೀಳುತ್ತದೆ, ಎಲ್ಲಿ ಎಡವುತ್ತಾಳೆ. ದೊಡ್ಡಕ್ಕ ಯೋಚಿಸುವುದಿಲ್ಲ. ದಾಖಲೆಯಲ್ಲಿದ್ದಷ್ಟು ದಣಿಯುತ್ತಾಳೆ, ದಾಖಲೆಯಲ್ಲಿದ್ದಷ್ಟು ತಪ್ಪು ಮಾಡುತ್ತಾಳೆ. ಮನುಷ್ಯರು ವರ್ಷಗಟ್ಟಲೆ ಬಳಸಿದರೆ ಗೊತ್ತಾಗುವುದು ಅವಳಿಂದ ಒಂದು ಮಧ್ಯಾಹ್ನಕ್ಕೆ ಗೊತ್ತಾಗುತ್ತದೆ. ವಿಜ್ಞಾನದ ಮಟ್ಟಿಗೆ ಅದರಲ್ಲಿ ಮೋಸವಿರಲಿಲ್ಲ.

ಆ ದಿನ ದೊಡ್ಡಕ್ಕನ ಕೈಗೆ ಎರಡು ವ್ಯವಸ್ಥೆಗಳನ್ನು ಕೊಟ್ಟಿದ್ದರು. ಕಂಪನಿಗಳ ಹೆಸರು ಮುಚ್ಚಿಟ್ಟು ಒಂದಕ್ಕೆ 'ಕ', ಇನ್ನೊಂದಕ್ಕೆ 'ಖ' ಎಂದು ಕರೆದಿದ್ದರು. 'ಕ' ನೋಡಲು ಸಪ್ಪೆ. ದಪ್ಪ ಅಕ್ಷರದ ಒಂದೇ ಪುಟ. ನೀನಾಗಿ ಮುಟ್ಟುವವರೆಗೆ ಅದು ಅಲುಗುವುದಿಲ್ಲ. 'ಖ' ಚುರುಕು. ರೋಗಿಯ ಕೈಪಟ್ಟಿಯನ್ನು ಯಂತ್ರಕ್ಕೆ ತೋರಿಸಿದರೆ ಸಾಕು, ಯಾವ ಔಷಧ, ಎಷ್ಟು ಎಂದು ತಾನೇ ಹೇಳುತ್ತದೆ. ಸ್ವಲ್ಪ ಹೊತ್ತು ಮುಟ್ಟದಿದ್ದರೆ ಮುಂದಿನ ಕೆಲಸವನ್ನು ತಾನೇ ತೆರೆದಿಡುತ್ತದೆ. ದೊಡ್ಡಕ್ಕ 'ಖ'ದ ಜೊತೆ ಜಾರುಬಂಡಿಯಂತೆ ಸಾಗಿದಳು. ಒಂದೂ ತಪ್ಪಿಲ್ಲ. 'ಕ'ದಲ್ಲಿ ಅವಳಿಗೆ ಬೇಸರವಾದಂತೆ ಕೆಂಪು ಚುಕ್ಕೆ ಆಗಾಗ ಕಿಟಕಿಯ ಕಡೆ ಹೋಗಿಬರುತ್ತಿತ್ತು.

ನೀಲಗಂಗಾ ಖರೀದಿ ಸಮಿತಿಯಲ್ಲಿ ಬಳಸುವವರ ಪ್ರತಿನಿಧಿ. ಅವಳು ನೋಡುತ್ತಿದ್ದುದು ಕೈಗಳನ್ನಲ್ಲ, ಮಂಚಗಳನ್ನು. ಪ್ರತಿ ಮಂಚದ ಮೇಲೂ ಒಬ್ಬಳೇ ರೋಗಿ. ನೆಲದ ಮೇಲೆ ಯಾರೂ ಇಲ್ಲ. ಮೈಮೇಲೆ ಬೀಳುವ ಸಂಬಂಧಿಕರಿಲ್ಲ. ಮಂಚದ ಮೇಲೆ ಹಸಿರು ಚಾದರ.

ಆ ಹಸಿರು ಚಾದರಗಳು ಬೀರುವಿನಿಂದ ಹೊರಬರುವುದು ತಪಾಸಣೆಗೆ ಮಾತ್ರ. ಕೈಗವಸಿನ ತಂಡ ಬರುತ್ತದೆಂದು ಪತ್ರ ಬಂದ ದಿನವೇ ವೈದ್ಯಕೀಯ ಅಧೀಕ್ಷಕ ಡಾಕ್ಟರ್ ಇಟಗಿ ಅದನ್ನು ತಪಾಸಣೆ ಎಂದೇ ಓದಿಕೊಂಡಿದ್ದರು. ಅವರು ಮಾತ್ರವಲ್ಲ, ಎಲ್ಲರೂ ಹಾಗೆಯೇ ಓದಿಕೊಂಡರು. ನೆಲದ ಮೇಲಿದ್ದವರು ಹಿಂದಿನ ಧರ್ಮಶಾಲೆಗೆ ಹೋದರು. ಮಂಚಕ್ಕೆ ಇಬ್ಬರಿದ್ದಲ್ಲಿ ಒಬ್ಬರನ್ನು ಮನೆಗೆ ಕಳಿಸಿದರು. ಬೇರೆ ವಾರ್ಡುಗಳಿಂದ ನರ್ಸುಗಳನ್ನು ತಂದು ತುಂಬಿಸಿದರು. ಗೇಟಿನಲ್ಲಿ ಕಾವಲುಗಾರ ಸಂಬಂಧಿಕರನ್ನು ತಡೆದ. ನೀಲಗಂಗಾ, ಎಸ್ತೇರ್, ಉಳಿದವರು ನರ್ಸಿಂಗ್ ಶಾಲೆಯ ಪುಸ್ತಕದಲ್ಲಿ ಇದ್ದಂತೆ ಕೆಲಸ ಮಾಡಿದರು. ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಹೊರಗಿನವರು ಕೈಯಲ್ಲಿ ಯಂತ್ರ ಹಿಡಿದು ಬಂದರೆ ಹೇಗಿರಬೇಕೆಂಬುದು ಸರಕಾರಿ ಆಸ್ಪತ್ರೆಯ ಗೋಡೆಗೂ ಗೊತ್ತು.

ನೀಲಗಂಗಾ ಪಕ್ಕದಲ್ಲಿದ್ದ ಇಟಗಿಯವರ ಕಡೆ ಬಾಗಿದಳು. "ಸರ್, ಮಂಚಕ್ಕ ಒಬ್ಬೊಬ್ಬರ ಅದಾರ."

"ಹ್ಞೂಂ."

"ಇದು ನಮ್ಮ ವಾರ್ಡ್ ಅಲ್ರಿ. ಇಬ್ಬರನ್ನ ಮಲಗಿಸಿ ನೋಡ್ರಿ ಅಂತ ಹೇಳಲೇನು?"

ಇಟಗಿ ಪರದೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದರು. "ಮಂಜೂರಾದ ಮಂಚ ಎಷ್ಟೋ ಅಷ್ಟ ಪೇಷಂಟ್ ಅದಾರ ಅಂತ ನಾನು ಪ್ರತಿ ತಿಂಗಳ ಮ್ಯಾಲಿನವರಿಗೆ ಹೇಳ್ತೀನಿ. ಈಗ ಒಂದರಾಗ ಇಬ್ಬರು ಅಂದಿ ಅಂದ್ರ ಮೊದಲ ಹೋಗೋದು ನಾನು. ಆಮ್ಯಾಲ ಹೋಗಾಕಿ ಆ ಎರಡನೇ ಪೇಷಂಟು. ಎಲ್ಲಿಗೆ ಕಳಸ್ತಿ ಆಕಿನ್ನ? ಬಸ್‌ಸ್ಟ್ಯಾಂಡಿಗೇನು?"

ಅವಳು ಕುರ್ಚಿಗೆ ಒರಗಿ ಕುಳಿತಳು. ಮಾತು ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು. ಎರಡನೆಯವರನ್ನು ಸೇರಿಸಿಕೊಳ್ಳಬೇಡಿ ಎಂದು ಮೇಲಿನಿಂದ ಆಜ್ಞೆ ಬಂದರೆ ಅರ್ಧ ಜಿಲ್ಲೆ ಗೇಟಿನ ಹೊರಗೆ ಸಾಯುತ್ತದೆ.

"ಆಕ್ಷೇಪಣೆ ಏನರ ಐತೇನ್ರಿ?" ಎಂದು ಮುಬಾರಕ್ ಎಲ್ಲರನ್ನೂ ಕೇಳಿದ. ಯಾರೂ ಬಾಯಿ ತೆರೆಯಲಿಲ್ಲ. 'ಖ' ಗೆದ್ದಿತು.

ಸಂಜೆ ಮನೆಯಲ್ಲಿ ಹಿಟ್ಟು ನಾದುತ್ತ ಗಂಡ ವಿರೂಪಾಕ್ಷನಿಗೆ ಇದನ್ನೆಲ್ಲ ಹೇಳಿದಳು. ಅವನು ಗಿರಣಿ ನಡೆಸುವವನು. ರೆಪ್ಪೆಯ ಮೇಲೆ ಯಾವಾಗಲೂ ಜೋಳದ ಹಿಟ್ಟು.

"ನಮ್ಮ ಸಾಲ್ಯಾಗ ಇನ್‌ಸ್ಪೆಕ್ಟರ್ ಬರೋ ದಿನ ಮಾಸ್ತರು ಹೇಳಿರ್ತಿದ್ರು," ಎಂದ ವಿರೂಪಾಕ್ಷ. "ಗೊತ್ತಿದ್ದವರು ಬಲಗೈ ಎತ್ರಿ, ಗೊತ್ತಿಲ್ಲದವರು ಎಡಗೈ ಎತ್ರಿ, ಆದ್ರ ಎಲ್ಲಾರೂ ಎತ್ರಿ ಅಂತ. ಇನ್‌ಸ್ಪೆಕ್ಟರ್ ಖುಷಿ ಆಗಿ ಹೋಗಾಂವ."

"ಆಮ್ಯಾಲ?"

"ಆಮ್ಯಾಲ ಏನು, ಎಡಗೈ ಎತ್ತಿದಾಂವ ನಾನು. ಗಿರಣಿ ಇಟ್ಟೀನಿ."

ಅವಳಿಗೆ ನಗು ಬಂತು. ಮುಂದೆ ಬಹಳ ದಿನ ಆ ವಿಷಯಕ್ಕೆ ನಗು ಬರಲಿಲ್ಲ.

*

'ಖ' ವಾರ್ಡಿಗೆ ಬಂದು ಕೂತಿತು. ಪ್ರತಿ ನರ್ಸಿನ ಕೊರಳಿಗೆ ಒಂದು ಅಂಗೈಯಗಲದ ಪರದೆ. ಅದರ ಲೆಕ್ಕದಲ್ಲಿ ಮಂಚಕ್ಕೊಬ್ಬ ರೋಗಿ, ರೋಗಿಗೊಂದು ಕೈಪಟ್ಟಿ. ಎರಡನೆಯವಳಿಗೆ ಪಟ್ಟಿ ಕೊಡು ಎಂದರೆ ಮಂಚ ಭರ್ತಿಯಾಗಿದೆ ಎನ್ನುತ್ತಿತ್ತು. ಬಹಳ ಕಾಡಿದ ಮೇಲೆ ಕಂಪನಿಯವರು ಮೂಲೆಯಲ್ಲಿ 'ಹೆಚ್ಚುವರಿ' ಎಂದು ಒಂದು ಸಣ್ಣ ಗುಂಡಿ ಇಟ್ಟುಕೊಟ್ಟರು. ಮೊದಲನೆಯವಳ ಪಟ್ಟಿ ತೋರಿಸಿ ಆ ಗುಂಡಿ ಒತ್ತಿದರೆ ಎರಡನೆಯವಳ ಪುಟ ಬರುತ್ತದೆ. ಆದರೆ ಸ್ವಲ್ಪ ಹೊತ್ತು ಮುಟ್ಟದಿದ್ದರೆ ಯಂತ್ರ ತನ್ನಷ್ಟಕ್ಕೆ ಮಂಚದ ಒಡತಿಯ ಪುಟಕ್ಕೆ ವಾಪಸಾಗುತ್ತದೆ. ಎರಡೂ ಪುಟದ ಮೇಲೆ ಮಂಚದ ಸಂಖ್ಯೆ ದೊಡ್ಡದಾಗಿ ಒಂದೇ ತರಹ ಇರುತ್ತದೆ. ಹೆಸರು ಕೆಳಗೆ ಇರುವೆಯ ಸಾಲಿನಂತೆ.

ಒಂದೇ ಮಂಚದಲ್ಲಿ ಇಬ್ಬರು ತಲೆಗೆ ಕಾಲು ಮಾಡಿ ಮಲಗುತ್ತಿದ್ದರು. ಆದ್ದರಿಂದ ನರ್ಸುಗಳ ಬಾಯಲ್ಲಿ ಅವರು ತಲೆಕಡಿಯಾಕಿ, ಕಾಲಕಡಿಯಾಕಿ. ಮೊದಲು ಇದೆಲ್ಲ ತಲೆಯಲ್ಲಿ ಇರುತ್ತಿತ್ತು. ಪಾಳಿಯ ಕೊನೆಗೆ ಕುಳಿತು ಒಮ್ಮೆಲೇ ಬರೆದು ಮುಗಿಸುತ್ತಿದ್ದರು. ಈಗ ಮಂಚದ ಬಳಿಯೇ, ಆಗಿಂದಾಗಲೇ, ಯಂತ್ರ ಕೇಳಿದ ಕ್ರಮದಲ್ಲೇ ಆಗಬೇಕು.

"ಮನ್ಯಾಗ ಅತ್ತಿ, ಇಲ್ಲಿ ಇದು," ಎನ್ನುತ್ತಿದ್ದಳು ಎಸ್ತೇರ್. "ಅತ್ತಿ ಆದ್ರೂ ಒಮ್ಮೊಮ್ಮೆ ಮಲಗ್ತಾಳ."

ಎಸ್ತೇರ್ ಬೆಂಜಮಿನ್ ಗುತ್ತಿಗೆ ನರ್ಸ್. ಗುತ್ತಿಗೆಯೆಂದರೆ ವರ್ಷಕ್ಕೊಮ್ಮೆ ಯಾರೋ ಮೇಜಿನ ಹಿಂದಿನವರು ಅವಳ ಹೆಸರನ್ನು ಉಳಿಸಬೇಕು. ಆ ವರ್ಷ ಕಾಯಂ ಆಗುವವರಲ್ಲಿ ಅವಳೂ ಇದ್ದಾಳೆಂಬ ಸುದ್ದಿ ಇತ್ತು. ಗಂಡ ತೀರಿಹೋಗಿದ್ದ, ಕುಂಟುವ ತಾಯಿ, ಕಾಲೇಜಿಗೆ ಹೋಗುವ ಮಗಳು ಅವಳ ಪಗಾರದ ಮೇಲೆ ನಿಂತಿದ್ದರು. ಅವಳಿಗೆ ನೀಲಗಂಗಾ ಅಕ್ಕ. ವಯಸ್ಸಿನಲ್ಲಿ ಅಲ್ಲ, ಹುದ್ದೆಯಲ್ಲಿ.

ಪುಟ ತನ್ನಷ್ಟಕ್ಕೆ ಬದಲಾಗುವುದನ್ನು ನಿಲ್ಲಿಸಿ ಎಂದು ನೀಲಗಂಗಾ ಸಮಿತಿಯ ಪ್ರತಿನಿಧಿಯಾಗಿ ಪರೀಕ್ಷಾ ಕೇಂದ್ರವನ್ನು ಮತ್ತೆ ಮತ್ತೆ ಕೇಳಿದಳು. ಪ್ರತಿ ಸಲವೂ ಅವರು ಆ ಸನ್ನಿವೇಶವನ್ನು ದೊಡ್ಡಕ್ಕನ ಮುಂದಿಟ್ಟು ನೋಡುತ್ತಿದ್ದರು. ಪ್ರತಿ ಸಲವೂ ಬರುವ ಉತ್ತರ ಒಂದೇ: ಪ್ರತಿಕೃತಿಗೆ ಈ ತೊಂದರೆ ಕಂಡುಬಂದಿಲ್ಲ, ಸಿಬ್ಬಂದಿಗೆ ಇನ್ನಷ್ಟು ತರಬೇತಿ ಕೊಡಿ. ತರಬೇತಿಗೆ ಬಂದ ಹುಡುಗ ಖಾಲಿ ಕೋಣೆಯಲ್ಲಿ ಖಾಲಿ ಮಂಚದ ಮೇಲೆ ಗೊಂಬೆ ಮಲಗಿಸಿ, "ನೋಡಿ, ಎಷ್ಟು ಸುಲಭ" ಎಂದು ತೋರಿಸಿ ಹೋದ.

"ಗೊಂಬಿಗೆ ಚುಚ್ಚಾಕ ನನಗೂ ಸುಲಭ ಐತಪ್ಪ," ಎಂದಳು ಎಸ್ತೇರ್.

ಆಮೇಲೆ ಹುಸೇನಬಿಯ ಸಂಗತಿ ನಡೆಯಿತು.

ಹುಸೇನಬಿ ವಿಷಮಜ್ವರ ಬಂದು ಸೇರಿದ್ದಳು. ಏನೂ ತಿನ್ನುತ್ತಿರಲಿಲ್ಲ, ತಿಂದದ್ದು ನಿಲ್ಲುತ್ತಿರಲಿಲ್ಲ. ಮಂಚ ಖಾಲಿ ಇಲ್ಲದ್ದರಿಂದ ಅವಳನ್ನು ಯಲ್ಲವ್ವ ಎಂಬ ಸಕ್ಕರೆ ಕಾಯಿಲೆಯವಳ ಮಂಚಕ್ಕೆ ಹಾಕಿದ್ದರು. ಯಲ್ಲವ್ವ ಮಂಚದ ಒಡತಿ, ಕಾಲಕಡಿಯಾಕೆ. ಹುಸೇನಬಿ ಹೆಚ್ಚುವರಿ, ತಲೆಕಡಿಯಾಕೆ. ಬೆಳಗಿನ ಪಾಳಿಯಲ್ಲಿ ಎಸ್ತೇರ್ ಒಬ್ಬಳೇ, ಇನ್ನೊಬ್ಬಳು ರಜೆ. ವಾರ್ಡು ಹೊಸ ರೋಗಿಗಳಿಂದ ತುಂಬಿ ಹೋಗಿತ್ತು. ಎಸ್ತೇರ್ ಹುಸೇನಬಿಗೆ ಜ್ವರದ ಇಂಜೆಕ್ಷನ್ ಕೊಡಲು ಬಂದಳು. ಯಲ್ಲವ್ವನ ಪಟ್ಟಿ ತೋರಿಸಿದಳು, ಹೆಚ್ಚುವರಿ ಗುಂಡಿ ಒತ್ತಿದಳು, ಹುಸೇನಬಿಯ ಪುಟ ಬಂತು.

ಆಗ ಹುಸೇನಬಿಯ ಮಗಳು ಮಾಬೂಬಿ ಕೇಳಿದಳು, "ಅಕ್ಕಾರ, ಅಮ್ಮಗ ಗಂಜಿ ಕೊಡ್ಲೇನ್ರಿ, ಇಲ್ಲಾ ಎಳನೀರಷ್ಟ ಕೊಡ್ಲಿ?"

ಎಸ್ತೇರ್ ತಿರುಗಿ, ಮೊದಲು ಎಳನೀರು ಕೊಡು, ನಿಂತರೆ ಗಂಜಿ, ಬಿಸಿ ಬೇಡ, ಉಪ್ಪು ಕಡಿಮೆ ಎಂದು ಹೇಳಿದಳು. ಒಳ್ಳೆಯ ನರ್ಸಾದ್ದರಿಂದ ಬಿಡಿಸಿ ಹೇಳಿದಳು. ಮತ್ತೆ ಪರದೆಗೆ ಕಣ್ಣು ಹಾಕಿದಾಗ ಅಲ್ಲಿ ಯಲ್ಲವ್ವನ ಪುಟವಿತ್ತು. ಅದೇ ಮಂಚದ ಸಂಖ್ಯೆ, ಅದೇ ಬಣ್ಣ. ಇನ್ಸುಲಿನ್ ಕೊಡು ಎಂದಿತು ಯಂತ್ರ. ಅವಳ ಎಡಗೈ ಆಗಲೇ ಹುಸೇನಬಿಯ ತೋಳಿನ ಮೇಲಿತ್ತು. ಬಲಗೈ ಇನ್ಸುಲಿನ್ ತುಂಬಿ ಅಲ್ಲೇ ಚುಚ್ಚಿತು.

ಸ್ವಲ್ಪ ಹೊತ್ತಿಗೆ ಹುಸೇನಬಿ ಬೆವರತೊಡಗಿದಳು. ಮಾಬೂಬಿಗೆ ಖುಷಿಯಾಯಿತು. ಬೆವರು ಬಂದರೆ ಜ್ವರ ಬಿಟ್ಟಿತೆಂದೇ ಲೆಕ್ಕ. ಅವಳು ಸೆರಗಿನಿಂದ ತಾಯಿಯ ಹಣೆ ಒರೆಸಿದಳು, ಪಕ್ಕದವರಿಗೆ "ಸೂಜಿ ಹತ್ತಿತ್ರಿ" ಎಂದು ಹೇಳಿದಳು. ತಾಯಿ ಮಾತಾಡದೆ ಕಣ್ಣು ಮುಚ್ಚಿದಾಗ, ಎಷ್ಟೋ ದಿನದ ಮೇಲೆ ನಿದ್ದೆ ಬಂದಿದೆ, ಎಬ್ಬಿಸಬಾರದು ಎಂದು ಫ್ಯಾನಿನ ಕಡೆ ಮುಖ ಮಾಡಿಸಿ, ಎದ್ದಾಗ ಕೊಡಲೆಂದು ಎಳನೀರು ತರಲು ಹೋದಳು. ಮಧ್ಯಾಹ್ನದ ಸುತ್ತಿಗೆ ಡಾಕ್ಟರು ಬಂದು ರೆಪ್ಪೆ ಎತ್ತಿ ನೋಡಿದರು. ರಕ್ತದ ಸಕ್ಕರೆ ತೀರ ಇಳಿದುಹೋಗಿತ್ತು, ಗ್ಲೂಕೋಸ್ ಹಾಕಿದರು. ಹುಸೇನಬಿಯ ಉಸಿರು ಉಳಿಯಿತು, ಅರಿವು ಬರಲಿಲ್ಲ. ವಾರ ಕಳೆಯುವುದರೊಳಗೆ ಉಸಿರೂ ಹೋಯಿತು.

ತಪ್ಪಾದದ್ದು ಹೇಗೆಂದು ಯಂತ್ರದಲ್ಲೇ ಇತ್ತು. ಎಸ್ತೇರಳನ್ನು ಕೆಲಸದಿಂದ ದೂರವಿಟ್ಟರು. ಮಾಬೂಬಿ ಅಳಲಿಲ್ಲ, ಕೂಗಾಡಲಿಲ್ಲ. ನೀಲಗಂಗಾಳನ್ನು ವರಾಂಡದಲ್ಲಿ ಹಿಡಿದು ಒಂದೇ ಒಂದು ಮಾತು ಕೇಳಿದಳು.

"ನಾ ಗಂಜಿ ಕೇಳಿದ್ದಕ್ಕ ಹಿಂಗಾತಂತ ಹೇಳ್ತಾರ. ಖರೇ ಏನ್ರಿ?"

"ಯಾರಂದ್ರು ನಿನಗ?"

"ಎಲ್ಲಾರೂ ಅಂತಾರ."

ನೀಲಗಂಗಾ ಅಲ್ಲ ಎಂದಳು. ಮಾಬೂಬಿ ನಂಬಿದಂತೆ ಕಾಣಲಿಲ್ಲ.

*

ವಿಚಾರಣೆ ನಡೆದದ್ದು ಪರೀಕ್ಷಾ ಕೇಂದ್ರದ ಅದೇ ಪರದೆಯ ಕೋಣೆಯಲ್ಲಿ. ಈಗ ಹೊಸ ನಿಯಮವಿತ್ತು: ನರ್ಸಿನಿಂದ ತಪ್ಪಾದರೆ ಅದೇ ಸನ್ನಿವೇಶದಲ್ಲಿ ಪ್ರತಿಕೃತಿಯನ್ನು ಇಟ್ಟು ನೋಡಬೇಕು. ಪ್ರತಿಕೃತಿಯೂ ಎಡವಿದರೆ ತಪ್ಪು ವ್ಯವಸ್ಥೆಯದು. ಎಡವದಿದ್ದರೆ ತಪ್ಪು ನರ್ಸಿನದು. ಕೇಳಲು ನ್ಯಾಯವಾಗಿಯೇ ಇದೆ. ಎಸ್ತೇರಳ ಕೆಲಸ ಉಳಿಯಬೇಕಾದರೆ ದೊಡ್ಡಕ್ಕ ಒಮ್ಮೆ ಎಡವಬೇಕಿತ್ತು.

ಬೆಂಗಳೂರಿನಿಂದ ನಿರ್ದೇಶಕಿ ಶ್ರೀಲತಾ ಬಂದಿದ್ದರು. ದನಿ ಏರಿಸದ, ಎದುರಿನವರ ಮಾತು ಮುಗಿಯುವವರೆಗೆ ಕಾಯುವ ಹೆಂಗಸು. ಇಟಗಿಯವರು ಕೆಳಗೆ ನೋಡುತ್ತ ಕುಳಿತಿದ್ದರು. ಮಂಚಕ್ಕೆ ಇಬ್ಬರು ಎಂಬುದು ಪತ್ರಿಕೆಯಲ್ಲಿ ಬಂದು ಅವರು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಎಸ್ತೇರಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು.

ಮುಬಾರಕ್ ದೊಡ್ಡಕ್ಕನನ್ನು ಪರದೆಯ ಮೇಲೆ ಚಾಲೂ ಮಾಡಿದ. ಬೂದು ಕೈಗಳು ಹುಸೇನಬಿಯ ಮಂಚಕ್ಕೆ ಬಂದವು. ಮಂಚದಲ್ಲಿ ಒಬ್ಬಳೇ ರೋಗಿ. ಮಗಳ ದನಿ ಕೇಳಿಸಿತು. ಕೆಂಪು ಚುಕ್ಕೆ ಅಲುಗಲಿಲ್ಲ. ತಪಾಸಣೆಯ ದಿನಗಳಲ್ಲಿ ಯಾವ ಸಂಬಂಧಿಕರೂ ಒಳಗೆ ಇರಲಿಲ್ಲವಾದ್ದರಿಂದ ಆ ದನಿ ದೊಡ್ಡಕ್ಕನಿಗೆ ಫ್ಯಾನಿನ ಸದ್ದಿನಷ್ಟೇ. ಕೈ ಸಿರಿಂಜನ್ನು ಬೆಳಕಿಗೆ ಹಿಡಿದು ನಡುಬೆರಳಿನಿಂದ ತಟ್ಟಿತು, ಜ್ವರದ ಇಂಜೆಕ್ಷನ್ ಕೊಟ್ಟು ಮುಂದಕ್ಕೆ ಹೋಯಿತು.

"ಇಬ್ಬರನ್ನ ಮಲಗಸ್ರಿ," ಎಂದಳು ನೀಲಗಂಗಾ.

ಮುಬಾರಕ್ ನಿರ್ದೇಶಕಿಯ ಕಡೆ ನೋಡಿದ. ಅವರು ತಲೆಯಾಡಿಸಿದರು.

ಅವನು ಮಂಚದ ಮೇಲೆ ತಲೆಗೊಬ್ಬಳು, ಕಾಲಿಗೊಬ್ಬಳು ಎಂದು ಇಬ್ಬರನ್ನು ಮಲಗಿಸಿದ. ಕೈಗಳು ಮತ್ತೆ ಬಂದವು. ಪಟ್ಟಿಯ ಕಡೆ ಚಾಚಿದವು. ಕೆಂಪು ಚುಕ್ಕೆ ಒಂದು ತಲೆಯಿಂದ ಇನ್ನೊಂದು ತಲೆಗೆ ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು. ಕೈಗಳು ಗಾಳಿಯಲ್ಲಿ ನಿಂತವು. ಆಮೇಲೆ ಚುಕ್ಕೆ ಮಂಚವನ್ನೇ ಬಿಟ್ಟು ಎಡಗಡೆಯ ಬಾಗಿಲ ಹತ್ತಿರ ಹೋಗಿ ಅಲ್ಲೇ ಕೂತಿತು. ಬಾಗಿಲಲ್ಲಿ ಏನೂ ಇರಲಿಲ್ಲ.

"ಅಲ್ಲೇನೈತ್ರಿ?" ಎಂದು ಮುಬಾರಕ್ ತನಗೆ ತಾನೇ ಎಂಬಂತೆ ಕೇಳಿದ.

ನೀಲಗಂಗಾಳಿಗೆ ಗೊತ್ತಿತ್ತು. "ದಾಖಲೆ ಮಾಡೋ ಅಷ್ಟೂ ದಿನ ಅಲ್ಲಿ ಇಟಗಿ ಸಾಹೇಬ್ರು ನಿಂತಿರ್ತಿದ್ರು. ಏನರ ಹೆಚ್ಚು ಕಡಿಮಿ ಆದ್ರ ನಾವೆಲ್ಲಾರೂ ಅವರ ಮಾರಿ ನೋಡ್ತಿದ್ವಿ."

ಇಟಗಿ ತಲೆ ಎತ್ತಲಿಲ್ಲ.

"ಅಂದ್ರೆ ಅನುಮಾನ ಬಂದಾಗ ನಿಂತು ಮೇಲಿನವರನ್ನ ಕೇಳ್ತಾಳೆ," ಎಂದರು ಶ್ರೀಲತಾ. "ಸರಿಯಾದ ನಡತೆ ಅಲ್ವಾ? ಎಸ್ತೇರ್ ನಿಲ್ಲಲಿಲ್ಲ."

"ಎಷ್ಟು ಹೊತ್ತು ನಿಲ್ತಾಳ ಕೇಳ್ರಿ," ಎಂದಳು ನೀಲಗಂಗಾ.

"ಮುಂದಿಂದು ದಾಖಲೆ ಇಲ್ರಿ," ಎಂದ ಮುಬಾರಕ್. "ಬಿಟ್ರ ಹಿಂಗ ನಿಂತಿರ್ತಾಳ."

"ಆದರೆ ತಪ್ಪು ಮಾಡಿಲ್ಲ," ಎಂದರು ಶ್ರೀಲತಾ.

ನೀಲಗಂಗಾ ಕುರ್ಚಿಯಿಂದ ಎದ್ದಳು. ಇದನ್ನು ಹೇಳಿದರೆ ಕೈಗವಸು ತೊಟ್ಟ ಎಲ್ಲರ ಮೇಲೂ ಕ್ರಮ ಬರಬಹುದು, ತನ್ನ ಮೇಲೂ ಬರಬಹುದು ಎಂದು ಅವಳಿಗೆ ಗೊತ್ತಿತ್ತು. ಬೆಳಿಗ್ಗೆ ವಿರೂಪಾಕ್ಷನಿಗೂ ಹೇಳಿಯೇ ಬಂದಿದ್ದಳು. "ಗಿರಣಿ ಐತೆಲ್ಲ, ಹೋಗು" ಎಂದಿದ್ದ ಅವನು.

"ಮೇಡಂ, ಆ ದಾಖಲೆ ಸುಳ್ಳು. ಅವು ನಮ್ಮ ದಿನದ ಕೆಲಸ ಅಲ್ರಿ. ತಪಾಸಣಿ ದಿನದ ಕೆಲಸ. ನೆಲದ ಮ್ಯಾಲಿದ್ದವರನ್ನ ಹೊರಗ ಹಾಕಿದ್ವಿ. ಬ್ಯಾರೆ ವಾರ್ಡಿನ ನರ್ಸ್‌ಗಳನ್ನ ತುಂಬಿದ್ವಿ. ಸಂಬಂಧಿಕರನ್ನ ಬಿಡಲಿಲ್ಲ. ಇಕಿ ಅಲ್ಲಿ ಯಾರೂ ಅಲ್ಲ. ಅಂಥಾ ನರ್ಸ್ ಎಲ್ಲೂ ಇಲ್ಲ. ಇಲ್ಲದಾಕಿಗೆ ಹೊಂದೋ ಯಂತ್ರ ತಂದು ನಮ್ಮ ಕೊಳ್ಳಿಗೆ ಕಟ್ಟೀರಿ."

ಶ್ರೀಲತಾ ಕನ್ನಡಕ ತೆಗೆದು ಸೀರೆಯ ಅಂಚಿನಲ್ಲಿ ಒರೆಸಿಕೊಂಡರು.

"ಗೊತ್ತು," ಎಂದರು.

ನೀಲಗಂಗಾ ನಿಂತೇ ಇದ್ದಳು.

"ದಾಖಲೆ ತೆಗೆದ ಎಲ್ಲಾ ಆಸ್ಪತ್ರೆಲೂ ಹೀಗೇ ಆಗಿದೆ. ಹೊಸ ಚಾದರ, ಖಾಲಿ ನೆಲ. ನಮ್ಮ ತಂಡದವರು ಪೆದ್ದರಲ್ಲಮ್ಮ. ನಾವು ಬೇಡ ಅನ್ನಲಿಲ್ಲ, ಯಾಕಂದ್ರೆ ನಮಗೆ ಬೇಕಾಗಿದ್ದ ನರ್ಸ್ ಅವಳೇ. ದಿನನಿತ್ಯದ ಅವ್ಯವಸ್ಥೆನ ಅಳತೆಗೋಲು ಮಾಡ್ಕೊಂಡ್ರೆ ಅವ್ಯವಸ್ಥೆಗೆ ಹೊಂದೋ ಯಂತ್ರ ಕೊಳ್ಳಬೇಕಾಗತ್ತೆ. ಆಮೇಲೆ ಯಾವತ್ತೂ ಏನೂ ಸರಿಯಾಗಲ್ಲ."

"ಮಂಚ ಕೊಡ್ರಿ ಹಂಗಾರ. ನರ್ಸ್ ಕೊಡ್ರಿ."

"ಅದು ಬೇರೆ ಇಲಾಖೆ. ನನ್ನ ಕೈಲಿರೋದು ಇಷ್ಟು." ಅವರು ಕನ್ನಡಕ ಹಾಕಿಕೊಂಡರು. ದನಿಯಲ್ಲಿ ಗಡಸಿರಲಿಲ್ಲ. "ಆ ವಾರಗಳಲ್ಲಿ ಕೆಲಸ ಮಾಡಿದ್ದು ನೀವೇ ತಾನೆ? ಯಂತ್ರ ಮಾಡಲಿಲ್ಲ. ನಿಮ್ಮ ಕೈಗೆ ಅದು ಬರತ್ತೆ ಅಂತ ನೀವೇ ತೋರಿಸಿದೀರಿ. ಬರೋದನ್ನ ದಿನಾ ಮಾಡಿ ಅಂತ ಕೇಳೋದು ಅನ್ಯಾಯ ಹೇಗಾಗತ್ತೆ?"

ಇದಕ್ಕೆ ಉತ್ತರವಿತ್ತು. ನೀಲಗಂಗಾ ಅದನ್ನು ಹೇಳಿದಳು ಕೂಡ: ಒಂದು ದಿನ ಉಸಿರು ಬಿಗಿಹಿಡಿಯಬಲ್ಲವನಿಗೆ ದಿನಾ ಉಸಿರಾಡಬೇಡ ಅಂದ ಹಾಗಾಯಿತು ಎಂದಳು. ಶ್ರೀಲತಾ ಪೂರ್ತಿ ಕೇಳಿಸಿಕೊಂಡರು. ಮುಬಾರಕ್ ಪರದೆ ಆರಿಸುವುದನ್ನು ಮರೆತಿದ್ದ. ಅಲ್ಲಿ ಕೈಗಳು ಇನ್ನೂ ಗಾಳಿಯಲ್ಲಿದ್ದವು. ತೀರ್ಮಾನದಲ್ಲಿ ಬರೆದದ್ದು ಎರಡು ಸಾಲು. ಅನುಮಾನ ಬಂದಾಗ ನಿಲ್ಲದೆ ಇಂಜೆಕ್ಷನ್ ಕೊಟ್ಟದ್ದು ಸಿಬ್ಬಂದಿಯ ತಪ್ಪು. ವ್ಯವಸ್ಥೆಯಲ್ಲಿ ದೋಷವಿಲ್ಲ.

ಹೊರಗೆ ಬೆಂಚಿನ ಮೇಲೆ ಎಸ್ತೇರ್ ಚಪ್ಪಲಿ ಬಿಟ್ಟು ಕಾಲು ಮಡಚಿ ಕುಳಿತಿದ್ದಳು. ನೀಲಗಂಗಾಳ ಮುಖ ನೋಡಿ ಚಪ್ಪಲಿ ಹಾಕಿಕೊಂಡಳು.

*

ಗುತ್ತಿಗೆಯವರನ್ನು ವಜಾ ಮಾಡುವುದಿಲ್ಲ, ಮುಂದುವರಿಸುವುದಿಲ್ಲ, ಅಷ್ಟೇ. ಎಸ್ತೇರಳನ್ನು ಮುಂದುವರಿಸಲಿಲ್ಲ. ಖಾಸಗಿ ನರ್ಸಿಂಗ್ ಹೋಮುಗಳೂ ಕಂಪ್ಯೂಟರಿನಲ್ಲಿ ಅವಳ ಹೆಸರು ಹಾಕಿ ನೋಡಿದ ಕೂಡಲೇ 'ಆಮ್ಯಾಲ ತಿಳಸ್ತೀವಿ' ಎಂದವು.

ನೀಲಗಂಗಾ ಒಂದು ಭಾನುವಾರ ಅವಳ ಮನೆಗೆ ಹೋದಳು. ಎಸ್ತೇರ್ ಚರ್ಚಿನಿಂದ ಬಂದು, ಉಟ್ಟ ಸೀರೆಯಲ್ಲೇ ಒಲೆಯ ಮುಂದೆ ಮಿರ್ಚಿ ಕರಿಯುತ್ತಿದ್ದಳು. ಕಡಲೆ ಹಿಟ್ಟಿನ ಪಾತ್ರೆ ದೊಡ್ಡದು. ಮನೆಯ ಮಂದಿಗೆ ಅಷ್ಟು ಬೇಕಾಗಿರಲಿಲ್ಲ. ಸಂಜೆ ಬಾಗಿಲಲ್ಲಿ ಮಾರುತ್ತಾಳೆಂದು ಅವಳ ತಾಯಿ ಹೇಳಿದಳು.

"ತಿನ್ನಕ್ಕ, ಬಿಸಿ ಅದಾವ."

ನೀಲಗಂಗಾ ಒಂದು ತಿಂದಳು. ಕೊನೆಗೆ, "ನಾನು ಎಲ್ಲಾ ಹೇಳಿದ್ನೆವಾ ಅಲ್ಲಿ," ಎಂದಳು.

"ಗೊತ್ತೈತಿ. ಮುಬಾರಕ್ ಫೋನ್ ಮಾಡಿದ್ದ. ಪಾಪ ಅತ್ಕೊಂಡ ಮಾತಾಡಿದ." ಎಸ್ತೇರ್ ಜಾಲರಿಯಿಂದ ಮಿರ್ಚಿ ಎತ್ತಿ ಎಣ್ಣೆ ಬಸಿದಳು. "ಆಕಿ ಇನ್ನೂ ಕೆಲಸಕ್ಕದಾಳೇನು, ದೊಡ್ಡಕ್ಕ?"

"ಅದಾಳ. ಈಗ ಎಲ್ಲಾ ಜಿಲ್ಲಾಕ್ಕೂ ಆಕಿನ ಅಂತ."

"ನೋಡು ಮತ್ತ. ನನ್ನ ತೆಗದ್ರು, ನನ್ನ ಕೈ ಇಟಗೊಂಡ್ರು." ಹಿಟ್ಟಿನಲ್ಲಿ ಇನ್ನೊಂದು ಮೆಣಸಿನಕಾಯಿ ಅದ್ದಿದಳು. "ಆ ಕೈಗರ ಪಗಾರ ಕೊಡ್ತಾರಂತೇನು ಕೇಳಕ್ಕ. ನಾ ಹೋಗಿ ತಗೊಂಡ ಬರ್ತೀನಿ."

ತಾಯಿ ನಕ್ಕಳು. ಎಸ್ತೇರ್ ನಗಲಿಲ್ಲ. ಮೆಣಸಿನಕಾಯಿಯನ್ನು ಎಣ್ಣೆಗೆ ಬಿಟ್ಟು ಕೇಳಿದಳು.

"ಆ ಮಾಬೂಬಿ ಹೆಂಗದಾಳಕ್ಕ?"

"ಬರಲಿಲ್ಲ ಮತ್ತ ಅಕಿ."

"ನಾ ಅಕಿಗೆ ಉಪ್ಪು ಕಡಿಮಿ ಹಾಕು ಅಂತ ಹೇಳಾಕತ್ತಿದ್ನಿ," ಎಂದು ಎಸ್ತೇರ್ ಉರಿ ಸಣ್ಣ ಮಾಡಿದಳು.

*

ತೀರ್ಮಾನದ ಹಿಂದೆಯೇ ಆಜ್ಞೆ ಬಂತು. ಅನುಮಾನ ಬಂದರೆ ನಿಲ್ಲಬೇಕು. ಡಾಕ್ಟರು ಬಂದು ನೋಡಿ ಹೇಳುವವರೆಗೆ ಔಷಧ ಕೊಡಬಾರದು. ಪುಟ ತಾನಾಗಿ ಬದಲಾದರೂ ಅನುಮಾನವೆಂದೇ ಲೆಕ್ಕ, ಮತ್ತೆ ತೆರೆದು ಕೊಡುವಂತಿಲ್ಲ. ಇಟಗಿಯವರನ್ನು ವರ್ಗ ಮಾಡಿದ್ದರು. ಹೊಸದಾಗಿ ಬಂದ ಅಧೀಕ್ಷಕರು ಮಂಚಕ್ಕೆ ಒಬ್ಬರೇ ಎಂದು ಬೋರ್ಡು ಹಾಕಿಸಿದರು. ಒಂದು ವಾರ ನಡೆಯಿತು. ಆಮೇಲೆ ಬೋರ್ಡಿನ ಕೆಳಗೇ ಇಬ್ಬಿಬ್ಬರು ಮಲಗಿದರು.

ಅನುಮಾನ ಬರದ ಮಂಚ ಯಾವುದಿತ್ತು? ನರ್ಸುಗಳು ನಿಲ್ಲಲು ಕಲಿತರು. ಮೊದಲು ಹೆದರಿಕೆಯಿಂದ, ಆಮೇಲೆ ರೂಢಿಯಿಂದ. ಪಟ್ಟಿ ತೋರಿಸುವುದು, ಹೆಚ್ಚುವರಿ ಒತ್ತುವುದು, ಪುಟ ಜಾರಿದರೆ ನಿಲ್ಲುವುದು, ಡಾಕ್ಟರಿಗೆ ಸುದ್ದಿ ಕಳಿಸುವುದು. ಡಾಕ್ಟರು ಒಬ್ಬರು, ವಾರ್ಡು ಹಲವು. ಬೆಳಗಿನ ಇಂಜೆಕ್ಷನ್ ಮಧ್ಯಾಹ್ನಕ್ಕೆ ಹೋಯಿತು, ಮಧ್ಯಾಹ್ನದ್ದು ಹೋಗಲೇ ಇಲ್ಲ. ಕೊಡದೆ ಇದ್ದದ್ದನ್ನು 'ಖ' ತಪ್ಪೆಂದು ಎಣಿಸುತ್ತಿರಲಿಲ್ಲ; ಬಾಕಿ ಎಂದು ತೋರಿಸುತ್ತಿತ್ತು. ಔಷಧ ಬಾಕಿಯಿದ್ದು ಸತ್ತವರು ರೋಗದಿಂದ ಸತ್ತವರೆಂದೇ ಲೆಕ್ಕ. ಹೆಂಗಸರ ವಾರ್ಡಿನಲ್ಲಿ ತಪ್ಪುಗಳೇ ಇಲ್ಲವೆಂದು ಪರೀಕ್ಷಾ ಕೇಂದ್ರದಿಂದ ಮೆಚ್ಚುಗೆಯ ಪತ್ರ ಬಂತು. ಹೊಸ ಅಧೀಕ್ಷಕರು ಅದನ್ನು ನೀಲಗಂಗಾಳ ಕೈಗೇ ಕೊಟ್ಟು ಚಪ್ಪಾಳೆ ತಟ್ಟಿಸಿದರು.

ಅದರ ಮರುದಿನ ಬೆಳಿಗ್ಗೆ ಅವಳು ಕಿಟಕಿಯ ಪಕ್ಕದ ಮಂಚದ ಬಳಿ ನಿಂತಿದ್ದಳು. ತಲೆಕಡೆ ನ್ಯುಮೋನಿಯಾದ ಒಬ್ಬ ಮುದುಕಿ, ಕಾಲಕಡೆ ಬಾಣಂತಿ. ಮುದುಕಿಯ ಪುಟ ತೆರೆದು ಸಿರಿಂಜು ತುಂಬುವಷ್ಟರಲ್ಲಿ ಬಾಣಂತಿಯ ಕೂಸು ಅತ್ತಿತು, ನೀಲಗಂಗಾ ತಿರುಗಿದಳು, ಪುಟ ಮಂಚದ ಒಡತಿಯಾದ ಬಾಣಂತಿಯದಕ್ಕೆ ಜಾರಿತು. ಕೈಯಲ್ಲಿರುವುದು ಯಾರ ಔಷಧವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಪರದೆ ಬೇರೆ ಹೇಳುತ್ತಿತ್ತು. ಅವಳು ನಿಂತಳು. ಡಾಕ್ಟರಿಗೆ ಸುದ್ದಿ ಹೋಯಿತು. ಡಾಕ್ಟರು ಆಪರೇಷನ್ನಿನಲ್ಲಿದ್ದಾರೆಂದು ಉತ್ತರ ಬಂತು.

ಮುದುಕಿ ಕುಪ್ಪಸದ ತೋಳು ಮೇಲೇರಿಸಿ ಕೈ ಚಾಚಿ ಮಲಗಿದ್ದಳು. ಎದೆ ಗೊರಗೊರ ಎನ್ನುತ್ತಿತ್ತು.

"ಯಾಕ ನಿಂತಿ ಯವ್ವಾ?"

"ಡಾಕ್ಟರ್ ಬರಬೇಕಬೇ ಆಯಿ."

"ಸೂಜಿ ನಿನ್ನ ಕೈಯಾಗ ಐತೆಲ್ಲ."

"ಐತಿ."

"ನಂದ ಅಲ್ಲೇನದು?"

"ನಿಂದ."

"ಮತ್ತ ಚುಚ್ಚು."

ನೀಲಗಂಗಾ ಸಿರಿಂಜನ್ನು ಹಿಡಿದುಕೊಂಡೇ ಇದ್ದಳು. ಆಚೆಯ ಮಂಚಗಳಲ್ಲೂ ಕೆಲವರು ತೋಳು ಏರಿಸಿಕೊಂಡು ಕಾಯುತ್ತಿದ್ದರು. ಅವರ ಹತ್ತಿರವೂ ಇಬ್ಬರು ನರ್ಸುಗಳು ಸುಮ್ಮನೆ ನಿಂತಿದ್ದರು. ಮುದುಕಿ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಬೈಯುತ್ತಾಳೇನೋ ಅನ್ನಿಸಿತು. ಬೈಯಲಿಲ್ಲ. ಕೈ ಸೋತಿತೆಂದು ಕಾಣುತ್ತದೆ, ತೋಳನ್ನು ಕೆಳಗೆಳೆದುಕೊಂಡು, ಬಾಣಂತಿಯ ಕಾಲಿಗೆ ತಾಗದಂತೆ ಮೈ ಮುದುಡಿ, ಗೋಡೆಯ ಕಡೆ ಹೊರಳಿದಳು.